ಶಾಂತಲಿಂಗಪ್ಪನವರು ಗಾಡಿ ಮಾರಿದ್ದು

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಚಾದರದ ಅಂಗಡಿ ನಡೆಸುವ ಶಾಂತಲಿಂಗಪ್ಪನವರು ದಿಗ್ವಿಜಯಕ್ಕೆಂದೇ ಆ ಗಾಡಿ ಕೊಂಡಿದ್ದರು. ಯಾರೋ ಗುತ್ತಿಗೆದಾರ ಬಳಸಿ ಬಿಟ್ಟದ್ದು. ಆದರೂ ಆನೆಯಂಥ ಮೈ, ಕರಿ ಬಣ್ಣ, ಚರ್ಮದ ಸೀಟು, ತಲೆಯ ಮೇಲೆ ಆಕಾಶ ಕಾಣುವ ಗಾಜು. ಗುರುವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗಿ ದರ್ಶನ ಮುಗಿಸಿ, ಗುರುತಿದ್ದವರಿಗೂ ಇಲ್ಲದವರಿಗೂ ಕೈಯೆತ್ತುತ್ತ ಮರಳುತ್ತಿದ್ದರು. ಅಂಥದೊಂದು ಗುರುವಾರ ಸ್ಟಿಯರಿಂಗಿನ ಮುಂದೆ ಕೆಂಪು ದೀಪ ಹತ್ತಿತು. ದೊಡ್ಡ ಗಾಡಿಯ ಅಲಂಕಾರಗಳಲ್ಲಿ ಇದೂ ಒಂದಿರಬೇಕೆಂದು ಹಿಗ್ಗಿ ಇನ್ನಷ್ಟು ಜೋರಾಗಿ ಓಡಿಸಿದರು. ಊರು ಮುಟ್ಟುವ ಮೊದಲೇ ಹೊಗೆ ಎದ್ದಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದ.

ಅಂದಿನಿಂದ ಗಾಡಿ ಮನೆಯಂಗಳದಲ್ಲಿ ಸಿಂಹಾಸನವೇರಿತು. ಆ ಅಂಗಳದ ಮೇಲೆ ಹೆಂಡತಿ ಶಾರದಾಬಾಯಿಯವರ ಕಣ್ಣಿತ್ತು. ಅವರ ಖಡಕ್ ರೊಟ್ಟಿಯನ್ನು ಪೇಟೆಯ ಅಂಗಡಿಯವರು ರಾಶಿಗಟ್ಟಲೆ ಕೇಳುತ್ತಿದ್ದರು. ಓಣಿಯ ಹೆಂಗಸರು ರೊಟ್ಟಿ ಬಡಿಯಲು ಸಿದ್ಧರಿದ್ದರು. ಒಲೆ ಹೂಡಲು ಜಾಗವೊಂದೇ ಇರಲಿಲ್ಲ.

"ದಸರಾದೊಳಗ ಹೂಂ ಅನ್ನಲಿಲ್ಲಂದ್ರ ಅಂಗಡಿಯವರು ಬ್ಯಾರೆಯವರನ್ನ ನೋಡ್ಕೋತಾರ," ಎಂದರು ಶಾರದಾಬಾಯಿ. "ಗಾಡಿ ಹೋಗಲಿಲ್ಲಂದ್ರ ನಾ ಅದರೊಳಗ ಒಲಿ ಹಚ್ಚತೀನಿ ನೋಡ್ರಿ."

ಶಾಂತಲಿಂಗಪ್ಪನವರು ಹುಟ್ಟಾ ವ್ಯಾಪಾರಿ. ಆದರೆ ಅವರ ಮನೆತನದ ಪದ್ಧತಿಯೇ ಬೇರೆ. ಚಾದರ ಬಿಚ್ಚಿದರೆ ಮೊದಲು ಎಳೆ ತಪ್ಪಿದ ಮೂಲೆ ತೋರಿಸಬೇಕು; ಬಣ್ಣ, ದರ ಎಲ್ಲ ಆಮೇಲೆ. ಅಜ್ಜನ ಕಾಲದಿಂದ ಗಿರಾಕಿಗಳು ಅದಕ್ಕೇ ಹುಡುಕಿಕೊಂಡು ಬರುತ್ತಾರೆ.

ಗಾಡಿ ನೋಡಲು ಮೊದಲು ಬಂದವರು ಅಕ್ಕಲಕೋಟೆಯ ಯೋಗಿರಾಜ ವಕೀಲರು.

"ಮೊದಲ ಹೇಳಿಬಿಡ್ತೀನ್ರಿ ವಕೀಲ್ರ. ಎಂಜಿನ್ ಹೋಗೈತಿ, ಪೂರ್ತಿ ಬಿಚ್ಚಿ ಕಟ್ಟಬೇಕು. ಹಿಂದಿನ ಎಡಗಡಿ ಗಾಜು ಇಳದ್ರ ಏರಂಗಿಲ್ಲ."

ವಕೀಲರು ಒಂದು ಹೆಜ್ಜೆ ಹಿಂದೆ ಸರಿದರು. "ಕೇಳದ ಇಷ್ಟೆಲ್ಲಾ ಒಪ್ಪಿಕೊಳ್ಳೋರನ್ನ ನಾ ಕೋರ್ಟಿನಾಗ ನೋಡೇ ಇಲ್ಲ. ಖರೇ ಹೇಳ್ರಿ, ಇದಕ್ಕಿಂತ ದೊಡ್ಡದು ಏನು ಮುಚ್ಚಿಟ್ಟೀರಿ?"

ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ. ಆಮೇಲೆ ಬಂದವರೂ ಹೀಗೇ ಚಹಾ ಮುಗಿಸಿ ಮಾಯವಾದರು. ದಸರಾ ಹತ್ತಿರ ಬಂತು.

"ಇನ್ನ ನಾ ಮಾತಾಡ್ತೀನಿ. ನೀವು ಬಾಯಿ ತೆಗೀಬ್ಯಾಡ್ರಿ," ಎಂದು ಶಾರದಾಬಾಯಿ ಅಪ್ಪಣೆ ಹೊರಡಿಸಿದರು.

"ಎಂಜಿನ್ ಬಗ್ಗೆ ಕೇಳಿದ್ರ?"

"ಕೇಳಿದ್ರ ಹೇಳೂಣು. ಕೇಳೋಕಿಂತ ಮೊದಲ ಯಾಕ?"

ನಾಗಣಸೂರಿನ ರೈತ ಗುರುಸಿದ್ಧ ಬಂದ. ಬಾಗಿಲು ತೆರೆದು ಮುಚ್ಚಿದ, ಸೀಟು ಒತ್ತಿದ, ಗಾಡಿಯ ಕೆಳಗೆ ಮಲಗಿ ನೋಡಿದ. ಎಂಜಿನ್ ಮಾತೇ ಇಲ್ಲ. ಶಾಂತಲಿಂಗಪ್ಪನವರು ಬಾಯಿ ತುಂಬ ಅಡಿಕೆ ಇಟ್ಟುಕೊಂಡು ತಪಸ್ಸಿಗೆ ಕುಳಿತರು, ಬೆವರಿದರು. ದರ ಕುದುರಿತು. ಗುರುಸಿದ್ಧ ಮುಂಗಡಕ್ಕೆ ಜೇಬಿಗೆ ಕೈ ಹಾಕಿದ. ಆಗ ಅಂಗಡಿಯ ಮೂರು ತಲೆಮಾರು ಒಟ್ಟಿಗೆ ಅವರ ಗಂಟಲಿಗೆ ಬಂದವು. ಅಡಿಕೆ ಉಗುಳಿದರು.

"ಎಂಜಿನ್ ಹೋಗೈತ್ರಿ."

ಶಾರದಾಬಾಯಿ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣೊಳಗೆ ಒಲೆಗಳು ಒಂದೊಂದಾಗಿ ಆರಿದವು.

"ಗೊತ್ತೈತ್ರಿ ಸಾವ್ಕಾರ್ರ," ಎಂದ ಗುರುಸಿದ್ಧ. "ಸೊಲ್ಲಾಪುರದಾಗ ಒಬ್ಬಾತ ತನ್ನ ಗಾಡಿ ಕೆಟ್ಟೈತಿ ಅಂತ ತಾನ ಹೇಳಿ ಗಿರಾಕಿ ಓಡಸ್ತಾನ ಅಂತ ವಕೀಲ್ರು ಅಕ್ಕಲಕೋಟ ತುಂಬ ಹೇಳಿ ನಗಾಕತ್ತಾರ. ಅದನ್ನ ಕೇಳೇ ಬಂದೀನಿ. ಹನ್ನೂರಾಗ ನಮ್ಮ ಮಾವನದೂ ಇಂಥಾದ ಗಾಡಿ. ಕಬ್ಬಿನ ಟ್ರ್ಯಾಲಿಗೆ ಬಡದು ಮೈಯೆಲ್ಲಾ ನುಗ್ಗುನುಚ್ಚಾಗೈತಿ, ಎಂಜಿನ್ ಮಾತ್ರ ಚೊಲೋ ಐತಿ. ನನಗ ಬೇಕಾದ್ದು ಬರೇ ಮೈ. ಎಲ್ಲಿ ಹೋದ್ರೂ ಎಂಜಿನ್ ಭಾರಿ ಐತಿ ಅಂತ ಅದಕ್ಕೂ ರೊಕ್ಕ ಹಚ್ಚತಾರ. ಮತ್ತ ಏನೇನು ಕೆಟ್ಟೈತಿ ಹೇಳ್ರಿ."

ಶಾಂತಲಿಂಗಪ್ಪನವರು ಹೆಂಡತಿಯ ಮುಖ ನೋಡಿದರು.

"ಕೇಳ್ಯಾರಲ್ಲ, ಹೇಳ್ರಿ," ಎಂದರು ಶಾರದಾಬಾಯಿ.

ಇಂಥ ಶ್ರೋತೃ ಅವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಏರದ ಗಾಜು, ಎಡಕ್ಕೆ ಹೊರಳಿದರೆ ತಾನೇ ಕೂಗುವ ಹಾರ್ನ್, ಮಳೆಗೆ ಸೋರುವ ಆಕಾಶದ ಗಾಜು, ಎಲ್ಲವನ್ನೂ ಪುರಾಣದಂತೆ ವಿಸ್ತರಿಸಿದರು. ಗುರುಸಿದ್ಧ ದರ ಸ್ವಲ್ಪ ಇಳಿಸಿದ, ಶಾರದಾಬಾಯಿ ಸ್ವಲ್ಪ ಏರಿಸಿದರು, ವ್ಯವಹಾರ ಮುಗಿಯಿತು.

ದಸರಾಕ್ಕೆ ಮೊದಲೇ ಟ್ರ್ಯಾಕ್ಟರ್ ಬಂದು, ಗಾಡಿಗೆ ಹಗ್ಗ ಬಿಗಿದು, ಸೆರೆಸಿಕ್ಕ ಚಕ್ರವರ್ತಿಯಂತೆ ಎಳೆದೊಯ್ದಿತು. ಖಾಲಿ ಅಂಗಳದ ನಡುವೆ ನಿಂತು ಶಾಂತಲಿಂಗಪ್ಪನವರು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಅವರ ಹಿಂದೆ ಶಾರದಾಬಾಯಿ ಇದ್ದಿಲು ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿದ್ದರು.

"ಸರೀರಿ ಸ್ವಲ್ಪ. ಒಲಿ ಮ್ಯಾಲ ನಿಂತೀರಿ."

ಸರಿದರು.

"ಈಗ ಹಿಟ್ಟಿನ ಡಬ್ಬಿ ಮ್ಯಾಲ ನಿಂತೀರಿ."