ಕಪ್ಪು ದಾರದ ಪೆನ್ ಡ್ರೈವ್

ಮೈಕ್ ಸೆಟ್ಟಿನವರ ಮನೆಗೆ ಸೊಸೆಯಾಗಿ ಬಂದರೆ ಕಿವಿಗೆ ಬಿಡುವೆಂಬುದೇ ಇರುವುದಿಲ್ಲ. ರಾಣೇಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಗಣಪತಿ, ಸಾವು, ಏನೇ ಇದ್ದರೂ ಹಾರ್ನು, ಬಾಕ್ಸು, ವೈರು ಇಲ್ಲಿಂದಲೇ ಹೋಗಬೇಕು. ಗಾಡಿ ತುಂಬಿಕೊಂಡು ಊರೂರು ತಿರುಗುವವರು ನನ್ನ ಗಂಡ. ಹಾಡುಗಳ ಯಜಮಾನಿಕೆ ಮಾತ್ರ ಮೊದಲಿನಿಂದಲೂ ಮಾವನದು. ಪ್ಲೇಟು, ಕ್ಯಾಸೆಟ್ಟು, ಸಿಡಿ ಅಂತ ಆಯುಷ್ಯವಿಡೀ ಕೂಡಿಸಿದ್ದನ್ನು ಒಂದೊಂದಾಗಿ ಹಚ್ಚಿ, ಕಡೆಯವರೆಗೆ ಕೇಳಿ, ಕಂಪ್ಯೂಟರಿಗೆ ತುಂಬಿದವರು ಅವರೇ.

ಆ ಕಂಪ್ಯೂಟರ್ ಈ ವರ್ಷ ಕೈ ಕೊಡಲು ಶುರು ಮಾಡಿತು. ಚಾಲೂ ಮಾಡಿ ಚಹಾ ಕುಡಿದು ಬಂದರೂ ಪರದೆ ಕಪ್ಪಗೇ ಇರುತ್ತಿತ್ತು. ಒಳಗೆ ಯಾರೋ ಶೇಂಗಾ ಹುರಿಯುತ್ತಿರುವ ಹಾಗೆ ಸಪ್ಪಳ ಬೇರೆ. ಗಂಡ ಹೊಸ ಲ್ಯಾಪ್‌ಟಾಪ್ ತಂದರು. ಹಳೆಯದರಲ್ಲಿದ್ದ ಸಾವಿರಗಟ್ಟಲೆ ಹಾಡುಗಳನ್ನು ಇದಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅಂತ ಯಾಕೆ ಹೇಳಲಿ, ನಾನೇ ಬಾಚಿಕೊಂಡೆ. ಮದುವೆಗೆ ಮೊದಲು ತವರೂರು ಬ್ಯಾಡಗಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆನೆಂಬ ಜಂಬ ನನಗಿನ್ನೂ ಇಳಿದಿಲ್ಲ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ನನ್ನದು ಮಾತ್ರ ಉಲ್ಟಾ ಎಂದು ಮಾವ ಆಗಾಗ ಕಾಡಿಸುತ್ತಾರೆ.

ಮಾವ ಹಾಡುಗಳನ್ನು ಇಟ್ಟಿದ್ದ ರೀತಿ ನೋಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹಾಡಿದವರ ಹೆಸರಿಲ್ಲ, ಸಿನೆಮಾದ ಹೆಸರಿಲ್ಲ. ಅರಿಷಿಣ, ಅಕ್ಕಿಕಾಳು, ಊಟ, ಹೆಣ್ಣು ಕಳಿಸೋದು, ಮನಿ ತುಂಬಿಸೋದು, ಹೀಗೆ ಹೊತ್ತಿಗೊಂದು ಫೋಲ್ಡರು. ಒಂದೇ ಹಾಡು ನಾಲ್ಕು ಕಡೆ ಕೂತಿರುತ್ತಿತ್ತು. ಸತ್ತವರ ಮನೆಯಲ್ಲಿ ಹಚ್ಚುವ ಭಜನೆಗಳು ಮಾತ್ರ ಆ ಕಂಪ್ಯೂಟರಿನಲ್ಲೇ ಇರಲಿಲ್ಲ. ಅವಕ್ಕೆ ಬೇರೆ ಪೆನ್ ಡ್ರೈವು. ಗುರುತಿಗೆಂದು ಅದಕ್ಕೊಂದು ಕಪ್ಪು ದಾರ ಕಟ್ಟಿ, ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ, ಅಂಗಡಿಯ ಬಾಗಿಲ ಹೊರಗಿನ ಗೂಡಿನಲ್ಲಿ ಇಡುತ್ತಿದ್ದರು. ಪ್ಲೇಟಿನ ಕಾಲದಲ್ಲಿ ಅಂಥವಕ್ಕೆ ಬೇರೆ ಟ್ರಂಕೇ ಇತ್ತಂತೆ. ಸಾವಿನ ಮನೆಯಿಂದ ಮರಳಿದ ಹಾರ್ನಿಗೂ ನೀರು ಚಿಮುಕಿಸಿ ಒಳಗೆ ತರುವ ಮನೆ ನಮ್ಮದು.

"ಹಾಡಿಗೆ ಎಂಥಾ ಸೂತಕ್ರಿ ಮಾವಾರ?" ಎಂದು ಹಿಂದೊಮ್ಮೆ ಕೇಳಿದ್ದೆ.

"ಹಾಡಿಗಿಲ್ಲವಾ, ಕೇಳೋರಿಗೈತಿ," ಎಂದಿದ್ದರು.

ಅದರಲ್ಲಿ ಒಂದು ಭಜನೆಯಿದೆ. ಐರಣಿಯಲ್ಲಿ ಹೊಳೆದಂಡೆಗೆ ಕೂತು ಹಾಡುತ್ತಿದ್ದ ಮೇಳವೊಂದರ ಮುಂದೆ ಮಾವ ತಾವೇ ಟೇಪ್ ಹಿಡಿದು ತುಂಬಿಕೊಂಡು ಬಂದದ್ದು. ಏಕತಾರಿ, ದಮ್ಮಡಿಯ ತಾಳ, ಒಂದು ಒಡಕು ದನಿ, ಅಷ್ಟೇ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹಾರ್ನಿನಿಂದ ಅದು ಹೊರಟಿತೆಂದರೆ ಹೊಲದಲ್ಲಿದ್ದವರೂ ನಿಂತು, ಯಾರು ಹೋದರು ಎಂದು ಕೇಳುತ್ತಾರೆ. ಇಷ್ಟು ವರ್ಷವೂ ಅದು ಆ ಒಂದು ಕೆಲಸಕ್ಕೇ ಹೋಗಿದೆ.

ಮಾವನನ್ನು ಕಣ್ಣು ತೋರಿಸಲೆಂದು ಗಂಡ ಹಾವೇರಿಗೆ ಕರೆದುಕೊಂಡು ಹೋದ ದಿನ ನಾನು ಸೆರಗು ಸಿಕ್ಕಿಸಿ ಕೂತೆ. ಹೊಸ ಲ್ಯಾಪ್‌ಟಾಪಿನಲ್ಲಿ ಹಾಡು ಹೊಂದಿಸುವ ಸಾಫ್ಟ್‌ವೇರ್ ಹಾಕಿದೆ. ಅದು ನಾಲ್ಕು ಕಡೆ ಇದ್ದದ್ದನ್ನು ಒಂದೇ ಕಡೆ ಉಳಿಸಿ, ಹಾಡಿದವರ ಹೆಸರಿನ ಮೇಲೆ ಎಲ್ಲವನ್ನೂ ಸಾಲು ಹಚ್ಚಿತು. ಅಡುಗೆಮನೆಯ ಡಬ್ಬಿಗಳನ್ನು ತೊಳೆದು ಜೋಡಿಸಿದಷ್ಟು ಖುಷಿಯಾಯಿತು. ಆ ಖುಷಿಯಲ್ಲೇ ಗೂಡಿನ ಡಬ್ಬಿ ಕಣ್ಣಿಗೆ ಬಿತ್ತು. ಹೊರಗೆ ಧೂಳು, ಇರುವೆ. ಒಂದು ದಿನ ಪೆನ್ ಡ್ರೈವ್ ಕೆಟ್ಟರೆ ಎಲ್ಲ ಹೋಯಿತು. ಇದು ಒಳ್ಳೆಯ ಕಾರಣವೇ. ಆದರೆ ಅದೊಂದೇ ಕಾರಣ ಎಂದರೆ ಸುಳ್ಳಾದೀತು. ಈ ಮುದುಕರ ಮಡಿ ಎಷ್ಟು ದಿನ ನಡೆಯುತ್ತದೆ ನೋಡೋಣ ಎಂಬ ಕೊಂಕೂ ಇತ್ತು. ಲ್ಯಾಪ್‌ಟಾಪಿಗೆ ಚುಚ್ಚಿದೆ, ಭಜನೆಗಳನ್ನೂ ಸಾಗಿಸಿದೆ, ದಾರ ಕೂಡ ಅಲುಗದಂತೆ ಡಬ್ಬಿಯಲ್ಲಿ ಮರಳಿ ಇಟ್ಟೆ. ಯಾರಿಗೂ ಹೇಳಲಿಲ್ಲ.

ಮರುದಿನ ಮಾವ ಹೊಸ ಲ್ಯಾಪ್‌ಟಾಪಿನ ಮುಂದೆ ಸುಮಾರು ಹೊತ್ತು ಕೂತು ಹಾಡು ಕೇಳಿದರು. ತಮ್ಮ ಫೋಲ್ಡರುಗಳು ಕಾಣದೆ ಸ್ವಲ್ಪ ತಡಕಾಡಿದರು. "ಛಲೋ ಮಾಡೀಯವಾ," ಎಂದರು. ಮನಸ್ಸಿಗೆ ಬಂದಿಲ್ಲವೆಂದು ದನಿಯಲ್ಲೇ ತಿಳಿಯಿತು.

ಇಲ್ಲಿ ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಇತ್ತೀಚೆಗೆ ಅವರಿಗೆ ಮರೆವು ಶುರುವಾಗಿತ್ತು. ಹೆಚ್ಚೇನಲ್ಲ. ಕನ್ನಡಕವನ್ನು ಆಂಪ್ಲಿಫೈಯರ್ ಮೇಲಿಟ್ಟು ಮನೆಯೆಲ್ಲ ಹುಡುಕುವುದು, ಹೋಟೆಲಿನಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುವುದು. ನಾವು ನಕ್ಕರೆ ಅವರೂ ನಗುತ್ತಿದ್ದರು. ಆದರೆ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಹತ್ತಿರ ಬಂದು, "ನಮ್ಮಪ್ಪಗೂ ಹಿಂಗ ಶುರು ಆಗಿತ್ತವಾ. ಕಡೀಕಡೀಗೆ ತನ್ನ ಮನೀನ ಅವಗ ಗುರುತ ಸಿಗತಿದ್ದಿಲ್ಲ. ನನಗ ಅದೊಂದ ಹೆದರಿಕಿ ನೋಡು," ಎಂದಿದ್ದರು. ಮಗನಿಗೆ ಹೇಳದ ಮಾತನ್ನು ನನಗೆ ಹೇಳಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮುಂದಿನದನ್ನು ಮಾಡಿದೆ.

ಮಾವ ಹಾಗೆ ಕೂತ ಮರುದಿನವೇ ಮೋಟೆಬೆನ್ನೂರಿನಲ್ಲಿ ಒಂದು ಮದುವೆ. ಹುಡುಗಿಯ ಮನೆಯ ಮುಂದೆಯೇ ಚಪ್ಪರ. ಲ್ಯಾಪ್‌ಟಾಪ್ ಕೊಡುವಾಗ ಗಂಡನಿಗೆ ನಾನೇ ಹೇಳಿದ್ದೆ, "ಫೋಲ್ಡರ್ ಗೀಲ್ಡರ್ ಹುಡಕಬ್ಯಾಡ್ರಿ. ಎಲ್ಲಾ ಒಂದ ಕಡೆ ಐತಿ, ಸುಮ್ಮ ಒತ್ತಿಬಿಡ್ರಿ, ತಾನ ಹಾಡಕೋಂತ ಹೋಗತೈತಿ." ಅಕ್ಕಿಕಾಳು ಬಿದ್ದು ಮುಹೂರ್ತ ಮುಗಿಯಿತು. ಪಂಕ್ತಿ ಕೂತಿತು. ಅವರೂ ಒತ್ತಿಬಿಟ್ಟು ಊಟಕ್ಕೆ ಕೂತರಂತೆ. ಕುಣಿಯುವಂಥ ಒಂದು ಹಾಡು ಮುಗಿದದ್ದೇ ತಡ, ಐರಣಿಯ ಏಕತಾರಿ ಹೊರಟಿತು.

ಮುಂದಿನದನ್ನು ಗಂಡನ ಬಾಯಿಂದಲೇ ಕೇಳಿದ್ದು. ಪಂಕ್ತಿಯಲ್ಲಿದ್ದವರ ಕೈಗಳು ಎಲೆಯ ಮೇಲೆಯೇ ನಿಂತವು. ಬಡಿಸುವವನು ಹುಗ್ಗಿಯ ಬಕೀಟು ಕೆಳಗಿಟ್ಟ. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಗಾಡಿ ನಿಲ್ಲಿಸಿ, "ಯಾರ್ ಹೋದ್ರರಿ?" ಎಂದು ಕೇಳಿದ. ಹುಡುಗಿಯ ಅಜ್ಜಿ ಹಲವು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಆ ಪ್ರಶ್ನೆ ಕೇಳಿದ್ದೇ ಹುಡುಗಿಯ ತಾಯಿ ಅಳುತ್ತ ಒಳಗೆ ಓಡಿದಳು, ಹಿಂದೆ ಅರ್ಧ ಚಪ್ಪರ. ಅಜ್ಜಿ ಗೋಡೆಗೆ ಒರಗಿ ಕೂತು, ತನಗಿನ್ನೂ ಯಾಕೆ ಹುಗ್ಗಿ ಬಂದಿಲ್ಲವೆಂದು ಸಿಡಿಮಿಡಿ ಮಾಡುತ್ತಿದ್ದಳಂತೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಹುಡುಗಿ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗಂಡ ಅಲ್ಲಿಂದಲೇ ಫೋನ್ ಮಾಡಿದರು. ಸುತ್ತ ಜನರ ಬೈಗುಳ ನನಗೂ ಕೇಳುತ್ತಿತ್ತು.

"ಕಪ್ಪ ದಾರದ್ದ ಯಾರ ಹಾಕಿದ್ರು ಇದರಾಗ?"

"ನಾ ಹಾಕಿಲ್ರಿ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮಾವಾರು ನಿನ್ನೆ ಅದರ ಮುಂದ ಕುಂತಿದ್ರು. ಏನ್ ಒತ್ತ್ಯಾರೋ ಏನೋ."

ಅದು ಎಷ್ಟು ಸಲೀಸಾಗಿ ಬಾಯಿಂದ ಹೊರಬಿತ್ತು. ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದಾಗ ಕೈ ಹಿಂದೆ ಬರುವಂತೆ ಬಂತು. ಆದರೆ ಮಾವನ ಹೆಸರೇ ಯಾಕೆ ಬಂತು? ಅವರ ಮೇಲೆ ಹಾಕಿದರೆ ಎಲ್ಲರೂ ನಂಬುತ್ತಾರೆಂದು ನನ್ನ ನಾಲಿಗೆಗೆ ನನಗಿಂತ ಮೊದಲು ತಿಳಿದಿತ್ತು.

ಸಂಜೆ ಗಂಡ ಬಂದವರೇ, "ಅಪ್ಪಾ, ಆ ಪೆನ್ ಡ್ರೈವ್ ನೀ ಹಾಕಿದ್ದೇನು?" ಎಂದರು.

"ಇಲ್ಲಪಾ. ಅದನ್ನ ನಾ ಯಾಕ ಹಾಕಲಿ?" ಮಾವನ ದನಿ ಮೊದಲು ಗಟ್ಟಿಯಾಗಿಯೇ ಇತ್ತು. ಆಮೇಲೆ ಗೂಡಿನ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಕಡೆಗೆ ನನ್ನ ಕಡೆ ತಿರುಗಿದರು. "ನಾ ಹಾಕಿದ್ನೇನವಾ?"

ನಿಜ ಹೇಳುವ ಹೊತ್ತು ನನ್ನ ಕೈಯಲ್ಲೇ ಇತ್ತು. ರೊಟ್ಟಿ ಬಡಿಯುತ್ತಿದ್ದ ನಾನು ತಲೆ ಎತ್ತದೆ, "ಕುಂತಿದ್ರಲ್ರಿ ನಿನ್ನೆ, ಬಾಳೊತ್ತು," ಎಂದೆ.

"ಹೌದ? ಹಂಗಾರ ಹಾಕಿರಬೇಕು ಬಿಡು," ಎಂದರು ಮಾವ.

ಗಂಡ ಹೆಚ್ಚು ಬೈಯಲಿಲ್ಲ. "ಇನ್ನ ಮ್ಯಾಲ ಅದನ್ನ ಮುಟ್ಟಬ್ಯಾಡಪಾ," ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು ಅನಿಸಿತು. ಆ ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಿಯಾಯಿತು.

ಮಾರನೆಯ ದಿನ ಮಾವ ತೊಳೆದ ಧೋತರ ಉಟ್ಟು, ಒಂದು ಕಾಯಿ, ಎಲೆ ಅಡಿಕೆ ತೆಗೆದುಕೊಂಡು ಬಸ್ಸು ಹತ್ತಿ ಮೋಟೆಬೆನ್ನೂರಿಗೆ ಹೋದರು. ಹೋಗಬೇಡಿ ಎನ್ನಲು ಬಾಗಿಲವರೆಗೆ ಬಂದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? "ಛತ್ರಿ ತಗೊಂಡ ಹೋಗ್ರಿ, ಬಿಸಲೈತಿ," ಎಂದೆ. ಮಧ್ಯಾಹ್ನ ಮರಳಿ ಬಂದು, ಕಾಲು ತೊಳೆದು, ಕಟ್ಟೆಯ ಮೇಲೆ ಕೂತರು.

"ಸಿಟ್ಟ ಇಳದೈತವಾ ಅವರದು. ಚಾ ಕೊಟ್ರು. ನಂದ ತಲಿ ಈಗ ಮೊದಲಿನಂಗ ಇಲ್ರಿ, ಹೊಟ್ಟ್ಯಾಗ ಹಾಕ್ಕೋರಿ ಅಂತ ಹೇಳಿ ಬಂದೆ."

ಅಪರಿಚಿತರ ಅಂಗಳದಲ್ಲಿ ನಿಂತು ಅವರು ಆ ಮಾತು ಹೇಳಿದ್ದರು. ಮಗನಿಗೂ ಹೇಳಲು ಅಂಜಿದ್ದ ಮಾತು. ಅಲ್ಲೇ ಕಾಲಿಗೆ ಬಿದ್ದಿದ್ದರೆ ಮುಗಿದುಹೋಗುತ್ತಿತ್ತೇನೋ. ನೀರು ತರುತ್ತೇನೆ ಎಂದು ಒಳಗೆ ಹೋದೆ.

ಆಮೇಲಿನ ದಿನಗಳಲ್ಲಿ ಮಾವ ಬದಲಾದರು. ಮೊದಲು ಕನ್ನಡಕ ಕಳೆದರೆ ನಗುತ್ತಿದ್ದವರು ಈಗ ಕಳೆದದ್ದನ್ನು ಹೇಳದೆ ಗೋಡೆ ಹಿಡಿದು ಹುಡುಕುತ್ತಿದ್ದರು. ಊಟ ಮಾಡಿದೆನೋ ಇಲ್ಲವೋ ಎಂದು ಕೇಳಲು ನಾಚಿ ಎರಡು ಸಲ ಉಪವಾಸ ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು. ಲ್ಯಾಪ್‌ಟಾಪ್ ಇಟ್ಟ ಮೇಜಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅಷ್ಟೊಂದು ಹಾಡು ಕೂಡಿಸಿದ ಮನುಷ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಬಸ್ಸು ನೋಡುತ್ತಿದ್ದರು.

ತಡೆಯಲಾಗಲಿಲ್ಲ. ಒಂದು ಭಾನುವಾರ ಅಪ್ಪ ಮಗ ಇಬ್ಬರೂ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಪೆನ್ ಡ್ರೈವ್ ಹಾಕಿದವಳು ನಾನು, ಫೋನಿನಲ್ಲಿ ಸುಳ್ಳು ಹೇಳಿದವಳು ನಾನು, ಮಾವಾರದು ಏನೂ ತಪ್ಪಿಲ್ಲ. ಗಂಡ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ಮೊದಲ ಹೇಳಾಕ ಏನಾಗಿತ್ತು ನಿನಗ?"

"ಆಕಿನ್ನ ಬೈಬ್ಯಾಡ," ಎಂದರು ಮಾವ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕರುಣೆ ಇತ್ತು, ಅದೂ ನನ್ನ ಮೇಲೆ. "ನನ್ನ ಸಲುವಾಗಿ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ನಾ ಕಟ್ಟಿ ಮ್ಯಾಲ ಕುಂದರೂದ ನೋಡಿ ಆಕಿಗೆ ಸಂಕಟ ಆಗೈತಿ."

"ಇಲ್ರಿ ಮಾವಾರ, ಖರೇ ನಾನ ಹಾಕಿದ್ದು."

ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟು ತೋರಿಸಿದೆ. ಆ ಭಜನೆಗಳು ಇದಕ್ಕೆ ಬಂದ ತಾರೀಖು ಅದರಲ್ಲೇ ಕಾಣುತ್ತಿತ್ತು. "ನೋಡ್ರಿ, ಇದು ನೀವು ಕಣ್ಣ ತೋರಸಾಕ ಹಾವೇರಿಗೆ ಹೋದ ದಿನ. ನೀವು ಮನ್ಯಾಗ ಇದ್ದಿದ್ದಿಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

"ಅದಕ್ಕೇನ್ ತಿಳೀತೈತವಾ. ನನಗ ಈಗ ಛಲೋ ನೆನಪ ಬಂದೈತಿ. ಗೂಡಿನಿಂದ ಡಬ್ಬಿ ತಗದೆ, ಕಪ್ಪ ದಾರ ಹಿಡದ ಚುಚ್ಚಿದೆ. ದಾರ ಬೆರಳಿಗೆ ಸುತ್ತಿಕೊಂಡಿತ್ತು, ಬಿಡಿಸಿದೆ. ಎಲ್ಲಾ ಕಣ್ಣಮುಂದ ಐತಿ."

ಗಂಡ ನನ್ನನ್ನು ನಂಬಿದರು. ಅವರು ನಂಬಿ ಏನಾಗಬೇಕಿತ್ತು? ನಂಬಬೇಕಾದವರು ಎದ್ದು ಕೈ ತೊಳೆದು, ಹೊರಗೆ ಹೋಗಿ ಡಬ್ಬಿಯಿಂದ ಪೆನ್ ಡ್ರೈವ್ ತಂದು ನನ್ನ ಕೈಯಲ್ಲಿಟ್ಟರು. "ಇನ್ನ ಇದು ನಿನ್ನ ಹಂತ್ಯಾಕ ಇರಲಿ. ನನ್ನ ಕೈಯಾಗ ಬ್ಯಾಡ." ಆಗದೇ ಇದ್ದದ್ದೊಂದನ್ನು ನಾನು ಅವರ ತಲೆಯಲ್ಲಿ ಇಟ್ಟಿದ್ದೆ, ಈಗ ಅದನ್ನು ಹೊರಗೆ ತೆಗೆಯುವುದು ನನ್ನಿಂದ ಆಗಲಿಲ್ಲ. ಹೊಸ ಲ್ಯಾಪ್‌ಟಾಪಿನಿಂದ ಆ ಭಜನೆಗಳನ್ನೆಲ್ಲ ಅಳಿಸಿದೆ. ಹಳೆಯ ಫೋಲ್ಡರುಗಳನ್ನು ಮೊದಲಿದ್ದ ಹಾಗೆಯೇ ಕೂಡಿಸಿದೆ. ಅದು ಸಲೀಸಾಗಿ ಆಯಿತು.

ಮೊನ್ನೆ ಹಿಂದಿನ ಓಣಿಯಲ್ಲಿ ಒಬ್ಬರು ಹಿರಿಯರು ತೀರಿಕೊಂಡರು. ಗಂಡ ದೊಡ್ಡ ಸೆಟ್ ಒಯ್ದು ಕುಮಾರಪಟ್ಟಣದಲ್ಲಿದ್ದರು. ನಾನೇ ಸಣ್ಣ ಆಂಪ್ಲಿಫೈಯರ್, ಹಾರ್ನು ಹೊಂದಿಸಿದೆ. ಮಾವ ಜೊತೆಗೆ ಬಂದರು, ಆದರೆ ಯಾವುದನ್ನೂ ಮುಟ್ಟದೆ ಕೈ ಹಿಂದೆ ಕಟ್ಟಿಕೊಂಡು ನಿಂತರು. ಪೆನ್ ಡ್ರೈವ್ ಚುಚ್ಚಿದೆ. ಐರಣಿಯ ಏಕತಾರಿ ಓಣಿ ತುಂಬಿತು. ಅಷ್ಟು ವರ್ಷಗಳ ಹಿಂದೆ ಟೇಪ್ ಹಿಡಿದು ಕೂತು ಅದನ್ನು ತಂದವರು ಒಂದು ಹೆಜ್ಜೆ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ನನ್ನನ್ನು ಕೇಳಿದರು.

"ಇದ ಹೌದಲ್ಲವಾ?"

"ಹೌದ್ರಿ ಮಾವಾರ," ಎಂದೆ.

"ನೀ ಹೇಳಿದ್ರ ಸರಿ," ಎಂದು ಹಿಂದೆ ಸರಿದು ನಿಂತರು.