ಮಂಚದ ಮೇಲೆ ಕೂಗಿದ ಹಕ್ಕಿ

ಹಣೆಯ ಮೇಲೆ ವಿಭೂತಿಯ ಪುಡಿ ಚೂರು ಉಳಿದಿದ್ದರೂ ತಲೆಗೆ ಕಟ್ಟುವ ಆ ಪಟ್ಟಿ ಕೆಲಸ ಮಾಡುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಅದರ ಲೋಹದ ಬೊಟ್ಟುಗಳು ಚರ್ಮಕ್ಕೆ ತಾಗಿ, ಮೊಬೈಲಿನಲ್ಲಿ ನನ್ನ ಮಿದುಳಿನ ಅಲೆಗಳು ಮೂಡುತ್ತಿದ್ದವು.

ವಿವರಣೆಯಿಲ್ಲದ ಸಂಗತಿಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ ಮನಸ್ಸಿನಲ್ಲೇ ತಪ್ಪು ಹುಡುಕುತ್ತಿದ್ದೆ. ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಪಾಠದ ನಡುವೆ ಎದೆ ಬಿಗಿದು ದನಿ ನಿಂತುಹೋಯಿತು. ಆಮೇಲೂ ಹಾಗೇ ಆಗತೊಡಗಿದಾಗ ರಜೆ ಹಾಕಿ ಇಂಗಳೇಶ್ವರದ ಮನೆಯಲ್ಲಿ ಕುಳಿತೆ. ವಿಜಯಪುರದ ವೈದ್ಯರು, ಗುಳಿಗೆಯ ಜೊತೆಗೆ ಮನೆಯಲ್ಲೇ ನ್ಯೂರೋಫೀಡ್‌ಬ್ಯಾಕ್ ಅಭ್ಯಾಸವನ್ನೂ ಮಾಡಿ ನೋಡಬಹುದು ಎಂದರು. ಪಟ್ಟಿ ಕಟ್ಟಿ ಕಣ್ಣು ಮುಚ್ಚಿ ಕೂರಬೇಕು. ಮನಸ್ಸು ಶಾಂತವಾದರೆ ಮೊಬೈಲಿನಲ್ಲಿ ಹಕ್ಕಿ ಕೂಗುತ್ತದೆ. ನನಗೆ ಅಪರೂಪಕ್ಕೊಂದು ಕೂಗು ಕೇಳುತ್ತಿತ್ತು, ಅಷ್ಟೇ.

ನಾನು ಆಯಿ ಎಂದು ಕರೆಯುವ ಅಜ್ಜಿಗೆ ಇದು ದಿನದ ತಮಾಷೆ.

“ಏನವಾ, ಇವತ್ತರೆ ತಲ್ಯಾಗ ಹಕ್ಕಿ ಕೂಗಿತೇನು?”

“ಇಲ್ಲಬೇ ಆಯಿ.”

“ಖಾಲಿ ಹಣಿ ಇಟ್ಕೊಂಡು ಕುಂತ್ರ ಯಾವ ಹಕ್ಕಿ ಬರ್ತೈತಿ? ನಾ ಹಕ್ಕಿ ಆದ್ರೂ ಬರಂಗಿಲ್ಲ.”

ಸೋಮವಾರ ಬರದಿದ್ದರೆ ಬೇರೆಯವರನ್ನು ನೇಮಿಸುವುದಾಗಿ ಪ್ರಾಂಶುಪಾಲರು ತಿಳಿಸಿದ್ದರು. ಭಾನುವಾರ ಸಂಜೆ ಪಟ್ಟಿ ಕಟ್ಟಿ ಕುಳಿತೆ. ತರಗತಿಯ ನೆನಪೊಂದೇ ಸಾಕಾಯಿತು, ಎದೆ ಬಿಗಿಯಿತು. ಪಟ್ಟಿಯನ್ನು ಕಿತ್ತು ಮಂಚದ ಮೇಲೆ, ಮೊಬೈಲಿನ ಪಕ್ಕ ಬಿಸಾಕಿ ಪಡಸಾಲೆಗೆ ಬಂದೆ. ಆಯಿ ಆಗಷ್ಟೇ ಲಿಂಗಪೂಜೆ ಮುಗಿಸಿದ್ದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದು, ಅಂಗೈಯನ್ನು ನೆತ್ತಿಯ ಮೇಲಿಟ್ಟಳು. ನನ್ನ ಉಸಿರು ನಿಧಾನವಾಯಿತು.

ಒಳಕೋಣೆಯಲ್ಲಿ ಮೊಬೈಲಿನ ಹಕ್ಕಿ ಕೂಗಿತು. ಒಂದರ ಹಿಂದೆ ಒಂದು.

ಆಯಿ ಕೈ ತೆಗೆದಳು. ನಿಂತಿತು. ಮತ್ತೆ ಇಟ್ಟಳು. ಕೂಗಿತು.

“ಅದಕ್ಕೂ ಕಿವಿ ಅದಾವ ಬಿಡು,” ಎಂದಳು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

ಎದ್ದು ಹೋಗಿ ನೋಡಿದೆ. ಪಟ್ಟಿ ಮಂಚದ ಮೇಲೆ ಮಗುಚಿ ಬಿದ್ದಿತ್ತು. ಚರ್ಮಕ್ಕೆ ತಾಗುತ್ತಿಲ್ಲ ಎಂಬ ಸೂಚನೆ ಮೊಬೈಲಿನ ಪರದೆಯ ಮೇಲಿತ್ತು.

ಹೊರಗಿನ ಹಕ್ಕಿಯಿರಬಹುದೇ ಎಂದು ಯೋಚಿಸಿದ್ದೇನೆ; ಆದರೆ ಅದು ನಮ್ಮ ಕಡೆಯ ಹಕ್ಕಿಯ ದನಿಯೇ ಅಲ್ಲ. ಪಟ್ಟಿ ತಯಾರಿಸಿದ ಕಂಪನಿಯವರಿಗೆ ಫೋನ್ ಹಚ್ಚಿ ಕೇಳಿದಾಗ, ತಲೆಗೆ ಕಟ್ಟದೆ ಸದ್ದು ಬರಲು ಸಾಧ್ಯವಿಲ್ಲ ಎಂದರು. ಆಮೇಲೆ ಎಷ್ಟೋ ಸಲ ಅದನ್ನು ಹಾಗೇ ಮಂಚದ ಮೇಲೆಸೆದು, ಆಯಿಯ ಮುಂದೆ ಕುಳಿತು ನೋಡಿದೆ. ಕೂಗಲಿಲ್ಲ. ಯಂತ್ರದ ದೋಷವಾಗಿದ್ದರೆ ಒಮ್ಮೆಯಾದರೂ ಮರುಕಳಿಸಬೇಕಿತ್ತು. ಓದುಗರಲ್ಲಿ ಯಾರಿಗಾದರೂ ಕಾರಣ ಹೊಳೆಯಬಹುದು. ನನಗೆ ಇನ್ನೂ ಹೊಳೆದಿಲ್ಲ.

ಮರುದಿನ ಬೆಳಿಗ್ಗೆ ಬಾಗೇವಾಡಿ ಬಸ್ಸು ಹತ್ತಿದೆ. ತರಗತಿಯಲ್ಲಿ ಹಾಜರಿ ಕರೆಯುವಾಗ ಮೊದಲ ಹೆಸರಿಗೇ ದನಿ ನಡುಗಿತು. “ಬಂದೇನ್ರಿ ಮೇಡಂ,” ಎಂದು ಹಿಂದಿನ ಬೆಂಚಿನಿಂದ ಹಾಜರಿ ಹೇಳಿತು ಒಂದು ದನಿ. ಎರಡನೆಯ ಹೆಸರು ಕರೆದೆ.