ಸೇಸಪ್ಪನವರು ಪಾಸು ಕೊಂಡದ್ದು

ಸಿಡ್ನಿಯ ಎಪ್ಪಿಂಗಿನಲ್ಲಿರುವ ಸೇಸಪ್ಪನವರ ಮನೆಗೆ ಭಾನುವಾರ ನೆಂಟರು ಬಂದರೆ, ಅವರಿಗೆ ಚಪ್ಪಲಿ ಕಳಚುವ ಪುರುಸೊತ್ತೂ ಸಿಗುತ್ತಿರಲಿಲ್ಲ. ಪ್ರಯಾಣದ ಕಾರ್ಡಿನಿಂದ ದಿನಕ್ಕೆ ಇಷ್ಟೇ ದುಡ್ಡು ಕಳೆಯುವುದೆಂಬ ಮಿತಿಯಿದೆಯಷ್ಟೆ. ಅದು ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಪುಕ್ಕಟೆ. ಆದ್ದರಿಂದ ಸೇಸಪ್ಪನವರು ನೆಂಟರನ್ನು ರೈಲಿನಿಂದಿಳಿಸಿ ಫೆರಿಗೆ ಹತ್ತಿಸುವರು, ಫೆರಿಯಿಂದಿಳಿಸಿ ಬಸ್ಸಿಗೆ ಹತ್ತಿಸುವರು, ಕತ್ತಲಾದ ಮೇಲೆ ಮನೆ ಮುಟ್ಟಿಸುವರು. ಸಿಡ್ನಿಯನ್ನೆಲ್ಲ ಕಂಡ ನೆಂಟರು ಎಲ್ಲಿಯೂ ಕಾಲೂರಿದ್ದಿಲ್ಲ. ಉಡುಪಿಯಿಂದ ಬಂದು, ನಾರ್ವೆಸ್ಟಿನ ವಿಮಾ ಕಚೇರಿಯೊಂದರಲ್ಲಿ ತಲೆ ನರೆಸಿಕೊಂಡ ಅವರದು ಒಂದೇ ಸೂತ್ರ: ಕೊಟ್ಟದ್ದು ದಕ್ಕಬೇಕು.

ಇಂಥವರಿಗೆ ಲಾಂಗ್ ಸರ್ವೀಸ್ ಲೀವ್, ಅಂದರೆ ಬಹುಕಾಲ ದುಡಿದವರಿಗೆ ಕೊಡುವ ಉದ್ದನೆಯ ರಜೆ, ಸಿಕ್ಕಿತು. ಹೆಂಡತಿಯೊಡನೆ ಯುರೋಪಿಗೆ ಹೋಗುವುದೆಂದಾಯಿತು. ಅಲ್ಲಿಯ ರೈಲು ಪಾಸಿನಲ್ಲಿ ಹಲವು ಬಗೆ. ತಿಂಗಳಿಡೀ ದಿನವೂ ಓಡಾಡಬಹುದಾದದ್ದು ಒಂದು. ಆ ತಿಂಗಳಲ್ಲಿ ನಮಗೆ ಬೇಕಾದ ಏಳು ದಿನ ಮಾತ್ರ ಓಡಾಡಬಹುದಾದದ್ದು ಇನ್ನೊಂದು. ಸೇಸಪ್ಪನವರ ಕಣ್ಣು ಸಹಜವಾಗಿಯೇ ಮೊದಲನೆಯದರ ಮೇಲೆ ಬಿತ್ತು. ದಿನಕ್ಕೊಂದು ಊರಿನಂತೆ ನಕ್ಷೆಯೂ ಸಿದ್ಧವಾಯಿತು.

ಹೆಂಡತಿ ತುಂಗಾ ಅವರಿಗೆ ಬೇಕಾದದ್ದಾದರೋ ಒಂದು ಬೆಂಚು. ಅವರು ನರ್ಸಾಗಿದ್ದ ವೃದ್ಧಾಶ್ರಮದ ಗೋಡೆಯ ಮೇಲೆ ಸ್ವಿಟ್ಜರ್ಲೆಂಡಿನ ಸರೋವರವೊಂದರ ಚಿತ್ರವಿತ್ತು. ದಡದಲ್ಲಿ ಒಂದು ಖಾಲಿ ಬೆಂಚು. ನಿಂತೇ ನೌಕರಿ ಮಾಡಿದ ಆಕೆ ವರ್ಷಗಟ್ಟಲೆ ಆ ಬೆಂಚನ್ನು ನೋಡಿದ್ದರು.

"ನಂಗೆ ಅಲ್ಲಿ ಒಂದು ವಾರ ಸುಮ್ನೆ ಕೂತ್ಕೊಳ್ಬೇಕು."

"ಒಂದು ವಾರವಾ! ಪಾಸು ಕಿಸೆಯಲ್ಲಿಟ್ಕೊಂಡು ಕೂರುದಾ? ನಿಂಗೆಂತ ಮರ್ಲಾ ಮಾರಾಯ್ತಿ?"

"ಹಾಗಾದ್ರೆ ನೀವೂ ನಿಮ್ಮ ಪಾಸೂ ಹೋಗಿ ಬನ್ನಿ. ನಾನು ಬರುದಿಲ್ಲ."

ಅಭ್ಯಾಸವಾದರೆ ಸರಿಹೋದೀತು ಎಂದುಕೊಂಡ ಸೇಸಪ್ಪನವರು ಆಕೆಯನ್ನು ಮೆಲ್ಬರ್ನಿಗೆ ಕರೆದೊಯ್ದರು. ವಿಮಾನದಲ್ಲಲ್ಲ, ಹಗಲಿಡೀ ಓಡುವ ರೈಲಿನಲ್ಲಿ. ಅಲ್ಲಿಯ ಬಾಕ್ಸ್ ಹಿಲ್‌ನಲ್ಲಿ ಅವರ ತಂಗಿಯ ಮಗಳು ಶ್ರದ್ಧಾಳ ಮನೆ. ಮರುದಿನ ಬೆಳಿಗ್ಗೆಯೇ ಟ್ರಾಮಿನ ತಾಲೀಮು ಶುರುವಾಯಿತು. ಒಂದರಿಂದಿಳಿದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಮಧ್ಯಾಹ್ನ ನದಿಯ ಬಳಿಯ ನಿಲ್ದಾಣದಲ್ಲಿ ತುಂಗಾ ಎದ್ದು ನಿಂತರು.

"ಇದು ನಮ್ಮ ಸ್ಟಾಪ್ ಅಲ್ಲ."

"ನನ್ನದು ಇದೇ," ಎಂದು ಆಕೆ ಇಳಿದೇಬಿಟ್ಟರು.

ಅಂದಿನ ಮಿತಿ ಆಗಲೇ ಮುಟ್ಟಿತ್ತು. ಪುಕ್ಕಟೆ ಟ್ರಾಮನ್ನು ಅರ್ಧದಲ್ಲಿ ಬಿಡಲು ಸೇಸಪ್ಪನವರಿಗೆ ಮನಸ್ಸಾಗಲಿಲ್ಲ. ಕೊನೆಯ ನಿಲ್ದಾಣದವರೆಗೆ ಒಬ್ಬರೇ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿದರು. ಬಂದು ನೋಡಿದರೆ, ತುಂಗಾ ಹೊಳೆಯ ದಡದ ಬೆಂಚಿನಲ್ಲಿ ಶೂ ಕಳಚಿ, ಕಾಲು ಚಾಚಿ ಕುಳಿತಿದ್ದಾರೆ. ಆ ಮುಖದ ಮೇಲೆ ಇಂಥ ನಿರಾಳವನ್ನು ತಾವು ಯಾವಾಗ ಕಂಡದ್ದೆಂದು ಸೇಸಪ್ಪನವರಿಗೆ ನೆನಪಾಗಲಿಲ್ಲ.

"ಎಂತೆಲ್ಲ ನೋಡಿದ್ರಿ?" ಎಂದು ಕೇಳಿದರು ತುಂಗಾ.

ಸೇಸಪ್ಪನವರು ಯೋಚಿಸಿದರು. ಬಹಳ ಹೊತ್ತು ಯೋಚಿಸಿ, "ಟ್ರಾಮು," ಎಂದರು.

ಸಂಜೆ ಶ್ರದ್ಧಾ ಮಾಮನಿಗೆಂದೇ ಪೇಟೆಯಿಂದ ಬಾಳೆಲೆ ತಂದು ಊಟಕ್ಕಿಟ್ಟಿದ್ದಳು. ಎರಡು ಸಲ ಬಡಿಸಿದ ಪಾಯಸವನ್ನು ಮೂರನೆಯ ಸಲ ತಂದಾಗ ಸೇಸಪ್ಪನವರು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದರು.

"ಸಾಕು, ಸಾಕು! ಆಮೇಲೆ ಎಲೆಯಲ್ಲಿ ಬಿಡ್ಲಿಕ್ಕಾಗುದಿಲ್ಲ."

"ಪ್ಲೀಸ್ ಮಾಮ, ಇಷ್ಟೊಂದು ಮಾಡ್ಬಿಟ್ಟಿದೀನಿ, ವೇಸ್ಟ್ ಆಗುತ್ತೆ."

"ಪಾತ್ರೆಯಲ್ಲಿ ಉಂಟು ಅಂತ ತಿನ್ನುದಾ? ಹೊಟ್ಟೆ ನನ್ನದಲ್ವಾ ಮಗಾ!"

ತುಂಗಾ ತಲೆಯೆತ್ತಲಿಲ್ಲ. ಉಪ್ಪಿನಕಾಯಿಯನ್ನು ಬೆರಳಿಗೆ ಹಚ್ಚಿಕೊಳ್ಳುತ್ತ, "ಕೇಳಿದಿಯಾ ಶ್ರದ್ಧಾ? ಇದೇ ಮಾತನ್ನು ಆ ಪಾಸು ಮಾರುವವರಿಗೂ ಹೇಳ್ಲಿಕ್ಕೆ ಹೇಳು ನಿನ್ನ ಮಾಮನಿಗೆ. ಕಾಲು ನಂದಲ್ವಾ?" ಎಂದರು.

ಶ್ರದ್ಧಾ ಕಿಸಕ್ಕನೆ ನಕ್ಕಳು. ಸೇಸಪ್ಪನವರ ಕೈಗಳು ಎಲೆಯ ಮೇಲೆ ಹಾಗೆಯೇ ನಿಂತಿದ್ದವು. ಎಲೆಯಲ್ಲಿ ಬಿಡಬಾರದೆಂದರೆ ಬಡಿಸಿಕೊಳ್ಳುವಾಗಲೇ ಕಡಿಮೆ ಹಾಕಿಸಿಕೊಳ್ಳಬೇಕೆಂದು ಅವರಿಗೆ ಕಲಿಸಿದವರು ಹೆತ್ತ ತಾಯಿ. ಅದು ರೈಲಿಗೂ ಸಲ್ಲುವ ನೀತಿಯೆಂದು ಈವರೆಗೆ ಹೊಳೆದಿರಲಿಲ್ಲ.

ಕೈತೊಳೆದವರೇ ಶ್ರದ್ಧಾಳ ಲ್ಯಾಪ್‌ಟಾಪ್ ಕೇಳಿ ಪಡೆದು, ಇಬ್ಬರಿಗೂ ಏಳು ದಿನದ ಪಾಸನ್ನೇ ಬುಕ್ ಮಾಡಿದರು. ಸರೋವರದ ಊರಿನಲ್ಲಿ ಒಂದು ವಾರಕ್ಕೆ ಕೋಣೆಯನ್ನೂ ಹಿಡಿದರು. ಆಮೇಲೆ ಸ್ವಲ್ಪ ಹೊತ್ತು ಚಡಪಡಿಸಿ, ಮೆಲ್ಲನೆ ಕೇಳಿದರು:

"ತುಂಗಾ, ಆ ಬೆಂಚಿನಿಂದ ರೈಲು ಕಾಣ್ತದಾ?"

"ಕಾಣ್ಬಹುದು. ದಿನವಿಡೀ ನೋಡ್ತಾ ಕೂರಿ ಮಾರಾಯ್ರೆ, ಅದು ಪುಕ್ಕಟೆ."